ಎನ್‌ಎಎ ಲೆಕ್ಕ ತಪ್ಪಿದಾಗ: ತಪ್ಪಿನ ಆಕಾರ ನೋಡಿ ದೋಷ ಹಿಡಿಯುವುದು

ಎನ್‌ಎಎ ಅಂದರೆ ನ್ಯೂಟ್ರಾನ್ ಆಕ್ಟಿವೇಶನ್ ಅನಾಲಿಸಿಸ್: ಸ್ಯಾಂಪಲ್‌ಗೆ ನ್ಯೂಟ್ರಾನ್ ತಾಗಿಸಿ, ಆಮೇಲೆ ಅದು ಬಿಡುವ ಗಾಮಾ ಕಿರಣ ಎಣಿಸಿ, ಯಾವ ಧಾತು ಎಷ್ಟಿದೆ ಅಂತ ಅಳೆಯುವ ವಿಧಾನ. ಒಂದು ಉದಾಹರಣೆ ನೋಡಿ. ಬೆಣಚುಕಲ್ಲಿನ ಪುಡಿ. ಒಂದೇ ಸ್ಯಾಂಪಲ್, ಒಂದೇ ಸ್ಪೆಕ್ಟ್ರಮ್, ಒಂದೇ ಧಾತು. 889 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಗಾಮಾ ಶಕ್ತಿಯ ಅಳತೆ) ಗೆರೆಯಿಂದ ಲೆಕ್ಕ ಹಾಕಿದರೆ ಸ್ಕ್ಯಾಂಡಿಯಂ 0.52 ಪಿಪಿಎಂ (ಹತ್ತು ಲಕ್ಷದಲ್ಲಿ 0.52 ಪಾಲು). 1120 ಕೆಇವಿ ಗೆರೆಯಿಂದ ಹಾಕಿದರೆ 0.66. ಜೊತೆಗೆ ಕೋಬಾಲ್ಟ್ ಬೆಣಚುಕಲ್ಲಿಗೆ ಒಪ್ಪದಷ್ಟು ಜಾಸ್ತಿ ಬಂದಿದೆ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಮೌಸ್ ಕಡೆಗೆ. ಪೀಕ್‌ನ (ಸ್ಪೆಕ್ಟ್ರಮ್‌ನಲ್ಲಿ ಒಂದೊಂದು ಗಾಮಾ ಗೆರೆಗೂ ಏಳುವ ಗುಡ್ಡ) ಎಡಬಲದ ಗಡಿಗಳನ್ನು ಅತ್ತಿತ್ತ ಎಳೆದು, ಅಂಕಿ ಹತ್ತಿರ ಬರುವ ತನಕ ಫಿಟ್ ಮಾಡಿ, ಎರಡರ ಸರಾಸರಿ ಬರೆದು ಎದ್ದುಬಿಡುವವರೇ ಹೆಚ್ಚು. ಹಾಗೆ ಮಾಡಿದರೆ ದೋಷ ಇದ್ದಲ್ಲೇ ಇರುತ್ತದೆ. ಮುಂದಿನ ಬ್ಯಾಚ್‌ನಲ್ಲಿ ಇನ್ನೊಂದು ಧಾತುವಿನ ಮೇಲೆ ಬಂದು ಕೂರುತ್ತದೆ.

ಈ ಕೈಪಿಡಿ ಬೆಂಗಳೂರಿನಲ್ಲಿ ಗಾಮಾ ಕೌಂಟಿಂಗ್ ಮಾಡುವವರಿಗೆ. ನಮ್ಮೂರಲ್ಲಿ ರಿಸರ್ಚ್ ರಿಯಾಕ್ಟರ್ ಇಲ್ಲ. ಕೆರೆ ಹೂಳು, ಬಂಡೆ ಪುಡಿ, ರಾಗಿ, ಇ-ವೇಸ್ಟ್ ಬೂದಿ, ಏನೇ ಇರಲಿ, ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ಅಥವಾ ಅಪ್ಸರಾ-ಯು ಥರದ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ತಾಗಿಸಬೇಕು. ಬೇಗ ಸಾಯುವ ಐಸೋಟೋಪ್‌ಗಳನ್ನು ಅಲ್ಲೇ ಎಣಿಸಿಬಿಡಬೇಕು. ಅಲ್ಯೂಮಿನಿಯಂ-28ರ ಅರ್ಧಾಯುಷ್ಯ 2.24 ನಿಮಿಷ. ಅದನ್ನು ಬೆಂಗಳೂರಿಗೆ ತರುವ ಮಾತೇ ಇಲ್ಲ. ಮ್ಯಾಂಗನೀಸ್-56ರದು 2.58 ಗಂಟೆ. ಮೂರು ದಿನ ಕಳೆದರೆ ಅದೂ ಇಲ್ಲ. ಸೋಡಿಯಂ-24ರದು 15 ಗಂಟೆ. ಮೂರು ದಿನಕ್ಕೆ ಇಪ್ಪತ್ತೆಂಟರಲ್ಲಿ ಒಂದು ಪಾಲು ಉಳಿಯುತ್ತದೆ, ಆದರೂ ಮಣ್ಣಿನಲ್ಲಿ ಅದರ ಗಲಾಟೆ ಇನ್ನೂ ಜೋರಾಗೇ ಇರುತ್ತದೆ. ನಾವು ಇಲ್ಲಿ ನೋಡೋದು ಮುಖ್ಯವಾಗಿ ಆರ್ಸೆನಿಕ್-76, ಲ್ಯಾಂಥನಂ-140ರಂಥ ಒಂದೆರಡು ದಿನದವು, ಆಮೇಲೆ ಕ್ರೋಮಿಯಂ, ಕಬ್ಬಿಣ, ಸ್ಕ್ಯಾಂಡಿಯಂ, ಸತು, ಕೋಬಾಲ್ಟ್‌ನಂಥ ದೀರ್ಘಾಯುಗಳು.

ಹೊಸಬರಿಗೆ ಎರಡು ಸಾಲು. ಸ್ಯಾಂಪಲ್‌ನಲ್ಲಿರುವ ಪರಮಾಣುವಿನ ನ್ಯೂಕ್ಲಿಯಸ್ ಒಂದು ನ್ಯೂಟ್ರಾನ್ ನುಂಗಿ ವಿಕಿರಣಶೀಲ ಆಗುತ್ತದೆ. ಅದು ತನ್ನದೇ ಶಕ್ತಿಯ ಗಾಮಾ ಕಿರಣ ಬಿಡುತ್ತದೆ, ತನ್ನದೇ ವೇಗದಲ್ಲಿ ಕ್ಷಯಿಸುತ್ತದೆ. ಜರ್ಮೇನಿಯಂ ಡಿಟೆಕ್ಟರ್‌ನಲ್ಲಿ ಆ ಗಾಮಾ ಎಣಿಸಿ, ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ಜೊತೆ ಹೋಲಿಸಿದರೆ ಧಾತು ಎಷ್ಟಿದೆ ಅಂತ ಸಿಗುತ್ತದೆ. ಹಾಗಾಗಿ ಪ್ರತಿ ಪೀಕ್‌ಗೂ ಎರಡು ಗುರುತಿನ ಚೀಟಿ: ಶಕ್ತಿ ಮತ್ತು ಅರ್ಧಾಯುಷ್ಯ. ಸಾಫ್ಟ್‌ವೇರ್ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಎರಡನೆಯದನ್ನು ನಾವೇ ಕೇಳಬೇಕು.

ಯಾವುದನ್ನೂ ಮುಟ್ಟುವ ಮುಂಚೆ ಒಂದು ಪಟ್ಟಿ

ಪ್ರತಿ ಬ್ಯಾಚ್‌ನಲ್ಲೂ ಎರಡು ರೆಫರೆನ್ಸ್ (ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಪುಡಿ) ಇರಬೇಕು. ಒಂದನ್ನು ಸ್ಟ್ಯಾಂಡರ್ಡ್ ಆಗಿ ಬಳಸಿ, ಇನ್ನೊಂದನ್ನು ಏನೂ ಗೊತ್ತಿಲ್ಲದ ಸ್ಯಾಂಪಲ್ ಥರ ಲೆಕ್ಕ ಹಾಕಿ. ಹಾರುಬೂದಿ ಒಂದು, ಐಎಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಕೊಡುವ ಸಾಯಿಲ್-7 ಮಣ್ಣು ಇನ್ನೊಂದು, ಇದು ಮಣ್ಣಿನ ಕೆಲಸಕ್ಕೆ ಒಳ್ಳೆ ಜೋಡಿ. ಸಾಯಿಲ್-7ರಲ್ಲಿ ಸ್ಕ್ಯಾಂಡಿಯಂ 8.3, ಕೋಬಾಲ್ಟ್ 8.9, ಆರ್ಸೆನಿಕ್ 13.4, ಲ್ಯಾಂಥನಂ 28, ಕ್ರೋಮಿಯಂ 60, ಸತು 104 ಪಿಪಿಎಂ ಬರಬೇಕು.

ಈಗ ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಒಂದು ಕಾಲಂನಲ್ಲಿ ಧಾತು, ಪಕ್ಕದಲ್ಲಿ ಅದರ ಐಸೋಟೋಪ್‌ನ ಅರ್ಧಾಯುಷ್ಯ, ಆಮೇಲೆ ಗಾಮಾ ಶಕ್ತಿ, ಕೊನೆಗೆ ‘ಬಂದದ್ದು ಭಾಗಿಸು ಬರಬೇಕಾದದ್ದು’. ಒಮ್ಮೆ ಅರ್ಧಾಯುಷ್ಯದ ಪ್ರಕಾರ ಸಾರ್ಟ್ ಮಾಡಿ ನೋಡಿ. ಇನ್ನೊಮ್ಮೆ ಶಕ್ತಿಯ ಪ್ರಕಾರ. ತಪ್ಪಿಗೆ ಒಂದು ಆಕಾರ ಇರುತ್ತದೆ, ಅದು ಈ ಹಾಳೆಯಲ್ಲಿ ಕಾಣುತ್ತದೆ.

ಎಲ್ಲ ಧಾತುಗಳೂ ಒಂದೇ ಶೇಕಡಾವಾರು ಕಮ್ಮಿ ಅಥವಾ ಜಾಸ್ತಿ ಇದ್ದರೆ ತೂಕ, ತೇವ, ಚೆಲ್ಲಿದ ಪುಡಿ, ನ್ಯೂಟ್ರಾನ್ ಫ್ಲಕ್ಸ್ (ಸ್ಯಾಂಪಲ್ ಮೇಲೆ ಬೀಳುವ ನ್ಯೂಟ್ರಾನ್‌ಗಳ ಪ್ರಮಾಣ), ಇಲ್ಲವೇ ಸ್ಯಾಂಪಲ್ ಇಟ್ಟ ಎತ್ತರ. ಕಡಿಮೆ ಆಯುಷ್ಯದವು ತಪ್ಪಾಗಿ, ದೀರ್ಘಾಯುಗಳು ಸರಿ ಇದ್ದರೆ ಗಡಿಯಾರ. ಕಡಿಮೆ ಶಕ್ತಿಯವು ಮಾತ್ರ ಕುಸಿದಿದ್ದರೆ ಸ್ಯಾಂಪಲ್ ತನ್ನ ಗಾಮಾವನ್ನು ತಾನೇ ಹೀರುತ್ತಿದೆ. ಒಂದೋ ಎರಡೋ ಧಾತು ಮಾತ್ರ ಕೆಟ್ಟಿದ್ದರೆ ಒಂದು ಪೀಕ್ ಮೇಲೆ ಇನ್ನೊಂದು ಕೂತಿದೆ, ಅಥವಾ ಆ ಧಾತು ಹೊರಗಿನಿಂದ ಬಂದಿದೆ, ಅಥವಾ ಹಾರಿಹೋಗಿದೆ. ಯಾವ ಆಕಾರವೂ ಇಲ್ಲದೆ ಅಂಕಿಗಳು ಚೆಲ್ಲಾಪಿಲ್ಲಿ ಆಗಿದ್ದರೆ ಡಿಟೆಕ್ಟರ್ ಅಥವಾ ಸ್ಯಾಂಪಲ್‌ನ ಒಳಗಿನ ಏರುಪೇರು.

ರೆಫರೆನ್ಸ್ ಸರಿ ಬಂದು ಸ್ಯಾಂಪಲ್ ಮಾತ್ರ ವಿಚಿತ್ರವಾಗಿದ್ದರೆ ಎಲೆಕ್ಟ್ರಾನಿಕ್ಸ್ ಬಿಚ್ಚಲು ಹೋಗಬೇಡಿ. ಆ ಉಪಕರಣ ಈಗಷ್ಟೇ ಸರಿಯಾದ ಉತ್ತರ ಕೊಟ್ಟಿದೆ, ಅಲ್ವಾ? ಮೇಲಿನ ಬೆಣಚುಕಲ್ಲಿನ ಕಥೆ ಈ ಜಾತಿಯದು. ಅದಕ್ಕೆ ಆಮೇಲೆ ಬರೋಣ.

ಗಡಿಯಾರ

ಇದು ಸುಲಭದ ದೋಷ, ಆದರೆ ಕೊನೆಗೆ ನೋಡುವವರೇ ಜಾಸ್ತಿ. ಕೌಂಟಿಂಗ್ ಕಂಪ್ಯೂಟರ್ ಗ್ರೀನಿಚ್ ಸಮಯದಲ್ಲಿ ಓಡುತ್ತಿರುತ್ತದೆ, ರಿಯಾಕ್ಟರ್ ಕಡೆಯ ಚೀಟಿಯಲ್ಲಿ ಭಾರತದ ಸಮಯ ಇರುತ್ತದೆ. ವ್ಯತ್ಯಾಸ ಐದೂವರೆ ಗಂಟೆ. ಇದರಿಂದ ಸೋಡಿಯಂ-24ರಲ್ಲಿ ಹತ್ತಿರ ಹತ್ತಿರ 29 ಶೇಕಡಾ ತಪ್ಪಾಗುತ್ತದೆ. ಆರ್ಸೆನಿಕ್-76ರ ಅರ್ಧಾಯುಷ್ಯ 26.3 ಗಂಟೆ, ಅದರಲ್ಲಿ ಸುಮಾರು 16 ಶೇಕಡಾ. ಕಬ್ಬಿಣ-59ಕ್ಕೆ 44.5 ದಿನ, ಅದರಲ್ಲಿ ಅರ್ಧ ಶೇಕಡಾ ಕೂಡ ಇಲ್ಲ. ಹಾಳೆಯನ್ನು ಅರ್ಧಾಯುಷ್ಯದ ಪ್ರಕಾರ ಸಾರ್ಟ್ ಮಾಡಿದಾಗ ತಪ್ಪು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋದರೆ ಬೇರೇನೂ ಹುಡುಕಬೇಡಿ, ಗಡಿಯಾರ ನೋಡಿ.

ಒಂದು ಮಾತು ನೆನಪಿರಲಿ. ಸ್ಯಾಂಪಲ್ ಮತ್ತು ಸ್ಟ್ಯಾಂಡರ್ಡ್ ಒಟ್ಟಿಗೇ ರಿಯಾಕ್ಟರ್ ಒಳಗೆ ಹೋಗಿ, ಒಂದೇ ಕಂಪ್ಯೂಟರ್‌ನಲ್ಲಿ ಎಣಿಕೆಯಾಗಿದ್ದರೆ ಈ ತಪ್ಪು ಎರಡೂ ಕಡೆ ಸಮನಾಗಿ ಬಂದು ವಜಾ ಆಗುತ್ತದೆ. ಕಚ್ಚುವುದು ಸ್ಟ್ಯಾಂಡರ್ಡ್ ಬೇರೆ ದಿನದ್ದಾದಾಗ, ಇನ್ನೊಂದು ಕಂಪ್ಯೂಟರ್‌ನಲ್ಲಿ ಎಣಿಸಿದ್ದಾಗ, ಅಥವಾ ಕೆ-ಜೀರೋ ಪದ್ಧತಿಯಲ್ಲಿ (ಧಾತುವಿಗೊಂದು ಸ್ಟ್ಯಾಂಡರ್ಡ್ ಇಡದೆ, ಮೊದಲೇ ಅಳೆದಿಟ್ಟ ಸ್ಥಿರಾಂಕಗಳಿಂದ) ನೇರವಾಗಿ ಲೆಕ್ಕ ಹಾಕಿದಾಗ. ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಕಂಪ್ಯೂಟರ್‌ನ ದಿನಾಂಕವೇ ಬದಲಾಗಿರುವುದೂ ಉಂಟು. ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಹೀಗಾಗುತ್ತದೆ. ಹೊಸ ಸೆಲ್‌ಗೆ ಹೆಚ್ಚೇನೂ ಖರ್ಚಿಲ್ಲ.

ಎಲ್ಲವೂ ಒಂದೇ ಸಮ ಕಮ್ಮಿ

ಮಳೆಗಾಲದಲ್ಲಿ ಇದು ಬಂದರೆ ಮೊದಲು ತೇವ ನೋಡಿ. ಕೆರೆ ಹೂಳಿನಲ್ಲಿ ಜೇಡಿ ಅಂಶ ಜಾಸ್ತಿ. ಓವನ್‌ನಿಂದ ತೆಗೆದು ತೆರೆದ ಗಾಜಿನ ತಟ್ಟೆಯಲ್ಲಿ ಇಟ್ಟರೆ ಗಾಳಿಯ ನೀರು ಹೀರಿಕೊಳ್ಳುತ್ತದೆ. ತಕ್ಕಡಿ ಮೇಲೆ ಇಟ್ಟು ಸುಮ್ನೆ ನೋಡುತ್ತಿರಿ. ಕೊನೆಯ ಅಂಕಿ ನಿಲ್ಲದೆ ಮೇಲೇರುತ್ತಿದ್ದರೆ ಅದು ತಕ್ಕಡಿಯ ದೋಷ ಅಲ್ಲ, ನೀರು. ಒಣತೂಕದ ತಿದ್ದುಪಡಿಯನ್ನು ಬೇರೆ ಒಂದು ಚಿಟಿಕೆ ಪುಡಿಯಿಂದ, ರೆಫರೆನ್ಸ್‌ನ ಸರ್ಟಿಫಿಕೇಟ್‌ನಲ್ಲಿ ಹೇಳಿದ ಉಷ್ಣತೆಯಲ್ಲಿ ಮಾಡಿ. ರಿಯಾಕ್ಟರ್‌ಗೆ ಹೋಗುವ ಪುಡಿಯನ್ನೇ 105 ಡಿಗ್ರಿಯಲ್ಲಿ ಬೇಯಿಸಿದರೆ ಪಾದರಸ ಕೈಬಿಟ್ಟು ಹೋಗಬಹುದು. ಆಗ ತೇವದ ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪು ತಂದುಕೊಂಡ ಹಾಗೆ.

ಎರಡನೆಯದು, ಪುಡಿ ವರ್ಗಾಯಿಸುವಾಗ ಆಗುವ ನಷ್ಟ. ರಿಯಾಕ್ಟರ್‌ಗೆ ಹೋದ ಪಾಲಿಥೀನ್ ಡಬ್ಬಿಯಲ್ಲೇ ಎಣಿಸಿದರೆ ಡಬ್ಬಿಯ ಸೋಡಿಯಂ, ಸತು, ಆಂಟಿಮನಿ ಕೂಡ ಲೆಕ್ಕಕ್ಕೆ ಬರುತ್ತವೆ. ಹೊಸ ಡಬ್ಬಿಗೆ ಸುರಿದರೆ ಒಂದಿಷ್ಟು ಪುಡಿ ಹಳೆಯದರ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ನನ್ನ ಮಟ್ಟಿಗೆ ಹಳೆಯ ಡಬ್ಬಿಯಲ್ಲೇ ಎಣಿಸಿ, ಖಾಲಿ ಡಬ್ಬಿಯೊಂದನ್ನು ಅದೇ ಬ್ಯಾಚ್‌ನಲ್ಲಿ ಕಳಿಸಿ, ಅದನ್ನು ಕಳೆಯುವುದೇ ವಾಸಿ. ಬ್ಲ್ಯಾಂಕ್ ಅಳೆಯಬಹುದು. ಗೋಡೆಗೆ ಅಂಟಿದ್ದು ಎಷ್ಟು ಅಂತ ಅಳೆಯುವುದು ಕಷ್ಟ.

ಮೂರನೆಯದು ಫ್ಲಕ್ಸ್. ರಿಯಾಕ್ಟರ್‌ಗೆ ಹೋಗುವ ಕ್ಯಾನ್‌ನಲ್ಲಿ ಮೇಲಿರುವ ಸ್ಯಾಂಪಲ್‌ಗೂ ಕೆಳಗಿರುವುದಕ್ಕೂ ಬೀಳುವ ನ್ಯೂಟ್ರಾನ್ ಸಂಖ್ಯೆ ಒಂದೇ ಇರಬೇಕಿಲ್ಲ. ಒಂದೊಂದು ಸ್ಯಾಂಪಲ್ ಪಕ್ಕ ಸಣ್ಣದೊಂದು ಕಬ್ಬಿಣದ ತಂತಿ ಇಟ್ಟು ಕಳಿಸಿ. ವಾಪಸ್ ಬಂದ ಮೇಲೆ ತಂತಿಗಳ ಕಬ್ಬಿಣ-59 ಎಣಿಸಿ ತೂಕದಿಂದ ಭಾಗಿಸಿದರೆ ಇಳಿಜಾರು ಗೊತ್ತಾಗುತ್ತದೆ. ಚಿನ್ನದ ಮಾನಿಟರ್ ಬಳಸುವುದಾದರೆ ಶುದ್ಧ ಚಿನ್ನದ ಹಾಳೆ ಬೇಡ. 4.9 ಇವಿ ಶಕ್ತಿಯ ನ್ಯೂಟ್ರಾನ್ ಅಂದರೆ ಚಿನ್ನಕ್ಕೆ ಪ್ರಾಣ. ಹಾಳೆಯ ಹೊರಪದರವೇ ಅವನ್ನು ನುಂಗಿ ಒಳಗಿನ ಪರಮಾಣುಗಳಿಗೆ ಏನೂ ಉಳಿಸುವುದಿಲ್ಲ. 0.1 ಶೇಕಡಾ ಚಿನ್ನ ಬೆರೆಸಿದ ಅಲ್ಯೂಮಿನಿಯಂ ತಂತಿ ಸಿಗುತ್ತದೆ, ಅದನ್ನು ಬಳಸಿ.

ಎತ್ತರದ ವಿಷಯ ಚಿಕ್ಕದು. ಡಿಟೆಕ್ಟರ್‌ಗೆ ಅಂಟಿಸಿ ಎಣಿಸುವಾಗ ಒಂದೆರಡು ಮಿಲಿಮೀಟರ್ ಕೂಡ ಕಣ್ಣಿಗೆ ಕಾಣುವ ವ್ಯತ್ಯಾಸ ಮಾಡುತ್ತದೆ. 10 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಅದೇ ವ್ಯತ್ಯಾಸ ಕರಗಿಹೋಗುತ್ತದೆ. ಸ್ಟ್ಯಾಂಡರ್ಡ್ ಡಬ್ಬಿಯಲ್ಲಿ ಪುಡಿ ಎಷ್ಟು ಎತ್ತರ ಇದೆಯೋ ಸ್ಯಾಂಪಲ್‌ನಲ್ಲೂ ಅಷ್ಟೇ ಇರಲಿ.

ಡಿಟೆಕ್ಟರ್ ಮೇಲೆ ಅನುಮಾನ ಬಂದಾಗ

ಕೋಬಾಲ್ಟ್-60ರ 1332 ಕೆಇವಿ ಪೀಕ್ ಇಟ್ಟು ಅರ್ಧ ಎತ್ತರದಲ್ಲಿ ಅಗಲ ಅಳೆಯಿರಿ. ಆರೋಗ್ಯವಾಗಿರುವ ಜರ್ಮೇನಿಯಂ ಡಿಟೆಕ್ಟರ್ 1.8ರಿಂದ 2 ಕೆಇವಿ ಆಸುಪಾಸು ಕೊಡುತ್ತದೆ. 2.5 ದಾಟಿದರೆ ಕಾರಣ ಹುಡುಕಬೇಕು.

ಪೀಕ್ ಅಗಲವಾಗಿದೆ, ಹಗಲಲ್ಲಿ ಜಾಸ್ತಿ ರಾತ್ರಿ ಕಮ್ಮಿ ಅಂತಾದರೆ ಕಟ್ಟಡದ ಕಡೆ ನೋಡಿ. ಡಿಟೆಕ್ಟರ್ ತನ್ನೊಳಗಿನ ಸಣ್ಣ ಅಲುಗಾಟವನ್ನೂ ಸಿಗ್ನಲ್ ಅಂತ ಓದುತ್ತದೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವ ಲಾರಿ, ಗೋಡೆಯಾಚೆಯ ಲಿಫ್ಟ್ ಮೋಟರ್, ರಸ್ತೆ ಅಗೆಯುವ ಮೆಷಿನ್, ಎಲ್ಲವೂ ಸ್ಪೆಕ್ಟ್ರಮ್‌ಗೆ ಬರುತ್ತವೆ. ಬೆಂಗಳೂರಿನಲ್ಲಿ ಇವುಗಳಿಗೆ ಬರವಿಲ್ಲ! ಡ್ಯೂವರ್ (ಡಿಟೆಕ್ಟರ್ ತಣ್ಣಗಿಡುವ ಲಿಕ್ವಿಡ್ ನೈಟ್ರೋಜನ್ ಪಾತ್ರೆ) ಕೆಳಗೆ ದಪ್ಪ ರಬ್ಬರ್ ಹಾಕಿ ನೋಡಿ. ಸುಧಾರಿಸಿದರೆ ಕಾರಣ ಸಿಕ್ಕಿತು.

ಹಗಲು ರಾತ್ರಿ ಒಂದೇ ಥರ ಕೆಟ್ಟಿದ್ದರೆ ಆಂಪ್ಲಿಫೈಯರ್ ಔಟ್‌ಪುಟ್‌ಗೆ ಆಸಿಲೋಸ್ಕೋಪ್ ಹಾಕಿ. ಬೇಸ್‌ಲೈನ್ ಪ್ರತಿ 20 ಮಿಲಿಸೆಕೆಂಡ್‌ಗೆ ಒಮ್ಮೆ ಅಲೆಯಾಡುತ್ತಿದ್ದರೆ ಅದು 50 ಹರ್ಟ್ಸ್, ಅಂದರೆ ಮೇನ್ಸ್ ಕರೆಂಟು ಅರ್ತ್ ಮೂಲಕ ನುಸುಳುತ್ತಿದೆ. ಡಿಟೆಕ್ಟರ್, ಆಂಪ್ಲಿಫೈಯರ್, ಕಂಪ್ಯೂಟರ್ ಮೂರನ್ನೂ ಒಂದೇ ಪ್ಲಗ್ ಬೋರ್ಡ್‌ಗೆ ತನ್ನಿ. ಬೇರೆ ಬೇರೆ ಗೋಡೆಯ ಸಾಕೆಟ್‌ಗಳಲ್ಲಿ ಹಂಚಿದ್ದರೆ ಈ ಕಾಟ ತಪ್ಪಿದ್ದಲ್ಲ. ಯುಪಿಎಸ್ ಕೂಡ ಗದ್ದಲ ಮಾಡುತ್ತದೆ. ಅದನ್ನು ಬದಿಗಿಟ್ಟು ಒಮ್ಮೆ ಎಣಿಸಿ ನೋಡಿ.

ಪೀಕ್‌ನ ಎಡಕ್ಕೆ ಬಾಲ ಬೆಳೆದಿದ್ದರೆ ಪೋಲ್-ಜೀರೋ ತಿರುಪು (ಆಂಪ್ಲಿಫೈಯರ್‌ನಲ್ಲಿ ಸಿಗ್ನಲ್‌ನ ಬಾಲ ಸರಿಪಡಿಸುವುದು) ನೋಡಿ. ಬಲಕ್ಕೆ ಬೆಳೆದಿದ್ದರೆ ಡೆಡ್ ಟೈಮ್ (ಉಪಕರಣ ಹೊಸ ಎಣಿಕೆ ತೆಗೆದುಕೊಳ್ಳಲಾಗದ ಸಮಯದ ಪಾಲು) ನೋಡಿ. 10 ಶೇಕಡಾ ದಾಟಿದ್ದರೆ ಸ್ಯಾಂಪಲ್ ದೂರ ಸರಿಸಿ, ಇಲ್ಲವೇ ಸೋಡಿಯಂ ತಣ್ಣಗಾಗುವ ತನಕ ಕಾಯಿರಿ. ಅವಸರದವರು ಸೋಡಿಯಂ ಇರುವಾಗಲೇ ಆರ್ಸೆನಿಕ್ ಎಣಿಸಲು ಹೋಗುತ್ತಾರೆ. 559 ಕೆಇವಿ ಪೀಕ್ ಸೋಡಿಯಂನ ಕಾಂಪ್ಟನ್ ರಾಶಿಯ (ಡಿಟೆಕ್ಟರ್‌ನಲ್ಲಿ ಪೂರ್ತಿ ಶಕ್ತಿ ಬಿಡದ ಗಾಮಾಗಳ ಎಣಿಕೆ) ಕೆಳಗೆ ಮುಳುಗಿರುತ್ತದೆ. ಮಣ್ಣಿನಲ್ಲಿ ಆರ್ಸೆನಿಕ್‌ಗೆ ನಾಲ್ಕರಿಂದ ಏಳನೆಯ ದಿನ ಒಳ್ಳೆಯದು.

ಲಿಕ್ವಿಡ್ ನೈಟ್ರೋಜನ್ ಮಾಮೂಲಿಗಿಂತ ಬೇಗ ಖಾಲಿಯಾಗುತ್ತಿದೆ, ಡಿಟೆಕ್ಟರ್ ಮೂತಿಯ ಮೇಲೆ ಇಬ್ಬನಿ ಕೂರುತ್ತಿದೆ ಅಂದರೆ ವ್ಯಾಕ್ಯೂಮ್ ಹೋಗಿದೆ. ಹೈ ವೋಲ್ಟೇಜ್ ನಿಧಾನವಾಗಿ ಸೊನ್ನೆಗೆ ಇಳಿಸಿ. ಅರ್ಧ ಬೆಚ್ಚಗಾದ ಡಿಟೆಕ್ಟರ್‌ಗೆ ಮತ್ತೆ ನೈಟ್ರೋಜನ್ ಸುರಿದು ವೋಲ್ಟೇಜ್ ಕೊಡುವ ಧೈರ್ಯ ಬೇಡ. ಪೂರ್ತಿ ಕೋಣೆಯ ಉಷ್ಣತೆಗೆ ಬರಲಿ, ಆಮೇಲೆ ಮುಂದಿನ ಮಾತು. ಇದು ನಮ್ಮ ಕೈಯ ರಿಪೇರಿ ಅಲ್ಲ, ತಯಾರಕರ ಕಡೆಯವರನ್ನು ಕರೆಸಬೇಕು.

ಹತ್ತಿರ ಇಟ್ಟು ಎಣಿಸಿದರೆ ಸ್ಕ್ಯಾಂಡಿಯಂ, ಕೋಬಾಲ್ಟ್ ಕಮ್ಮಿ ಬರುತ್ತದೆ, ಕ್ರೋಮಿಯಂ ಸರಿ ಬರುತ್ತದೆ ಅನ್ನುವುದು ಇನ್ನೊಂದು ಬಗೆ. ಒಂದೇ ಕ್ಷಯದಲ್ಲಿ ಎರಡು ಗಾಮಾ ಹೊರಡುವ ಐಸೋಟೋಪ್‌ಗಳಲ್ಲಿ ಎರಡೂ ಒಟ್ಟಿಗೆ ಡಿಟೆಕ್ಟರ್ ಹೊಕ್ಕು ಒಂದೇ ಅಂತ ಎಣಿಕೆಯಾಗುತ್ತವೆ. ಕೋಬಾಲ್ಟ್-60ರ 1173 ಮತ್ತು 1332 ಸೇರಿ 2505ರ ಹತ್ತಿರ ಪುಟ್ಟ ಪೀಕ್ ಎದ್ದಿದೆಯಾ ನೋಡಿ. ಎದ್ದಿದ್ದರೆ ಕನಿಷ್ಠ ಅಷ್ಟು ಎಣಿಕೆ ಮೂಲ ಪೀಕ್‌ಗಳಿಂದ ಕಳೆದಿದೆ. ಕ್ರೋಮಿಯಂ-51 ಬಿಡುವುದು 320ರ ಒಂದೇ ಗಾಮಾ, ಅದಕ್ಕೆ ಈ ತೊಂದರೆ ಇಲ್ಲ. ಸ್ಯಾಂಪಲ್‌ನಷ್ಟೇ ಹತ್ತಿರ ಸ್ಟ್ಯಾಂಡರ್ಡ್ ಕೂಡ ಇಟ್ಟರೆ ಸಾಕು, ಬೇರೆ ತಿದ್ದುಪಡಿ ಬೇಡ.

1120ರ ಮೇಲೆ ಮೂವರು

ಈಗ ಬೆಣಚುಕಲ್ಲು. ಸ್ಕ್ಯಾಂಡಿಯಂ-46 ಪ್ರತಿ ಕ್ಷಯದಲ್ಲೂ 889.3 ಮತ್ತು 1120.5 ಎರಡನ್ನೂ ಬಿಡುತ್ತದೆ. ಎಫಿಷಿಯನ್ಸಿ (ಆಯಾ ಶಕ್ತಿಯ ಗಾಮಾದಲ್ಲಿ ಡಿಟೆಕ್ಟರ್ ಎಷ್ಟು ಪಾಲು ಹಿಡಿಯುತ್ತದೆ ಅನ್ನುವುದು) ತಿದ್ದಿದ ಮೇಲೆ ಎರಡೂ ಒಂದೇ ಉತ್ತರ ಕೊಡಬೇಕು. 1120 ಜಾಸ್ತಿ ಕೊಡುತ್ತಿದೆ ಅಂದರೆ ಅಲ್ಲಿ ಬೇರೆ ಯಾರೋ ಇದ್ದಾರೆ. ಅನುಮಾನ ಪಡಬೇಕಾದವರು ಇಬ್ಬರು.

ಒಬ್ಬ ಬಿಸ್ಮತ್-214. ರೇಡಾನ್ ಅನಿಲದ ಮರಿ, 1120.3 ಕೆಇವಿ. ಬೆಂಗಳೂರು ನಿಂತಿರುವುದೇ ಗ್ನೈಸ್ ಮತ್ತು ಗ್ರಾನೈಟ್ ಬಂಡೆಯ ಮೇಲೆ. ಲಾಲ್‌ಬಾಗ್ ಬಂಡೆ ಕಣ್ಣಿಗೆ ಕಾಣುವ ಒಂದು ತುಣುಕು ಅಷ್ಟೇ. ಕಟ್ಟಡದ ಚಪ್ಪಡಿ, ಜಲ್ಲಿ ಎಲ್ಲ ಅದೇ ಕಲ್ಲು. ಇಂಥ ಕಲ್ಲಿನ ಯುರೇನಿಯಂನಿಂದ ರೇಡಾನ್ ಸದಾ ಹೊರಬರುತ್ತಿರುತ್ತದೆ. ನೆಲಮಾಳಿಗೆಯ ಲ್ಯಾಬ್‌ನಲ್ಲಿ ಕಿಟಕಿ ಮುಚ್ಚಿ ಬೀಗ ಹಾಕಿದ ವಾರಾಂತ್ಯದ ಎಣಿಕೆಗೂ, ಫ್ಯಾನ್ ಹಾಕಿದ ದಿನದ ಎಣಿಕೆಗೂ ವ್ಯತ್ಯಾಸ ಕಾಣುತ್ತದೆ. ಜೋರು ಮಳೆ ಬಂದಾಗ ಗಾಳಿಯಲ್ಲಿದ್ದ ರೇಡಾನ್ ಮರಿಗಳು ಮಳೆಹನಿ ಜೊತೆ ನೆಲಕ್ಕೆ ಇಳಿದು ಹೊರಗಿನ ಗಾಮಾ ಒಂದೆರಡು ಗಂಟೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಬೇಸಿಗೆಯಲ್ಲಿ ಸ್ಯಾಂಪಲ್ ಇಲ್ಲದೆ ಎಣಿಸಿ ತೆಗೆದ ಬ್ಯಾಕ್‌ಗ್ರೌಂಡ್ ಫೈಲನ್ನೇ ವರ್ಷವಿಡೀ ಕಳೆಯುತ್ತಿದ್ದರೆ ಈ ಏರಿಳಿತ ಸ್ಕ್ಯಾಂಡಿಯಂ ಹೆಸರಿಗೆ ಜಮಾ ಆಗುತ್ತದೆ. ಮಣ್ಣಿನಲ್ಲಿ ಸ್ಕ್ಯಾಂಡಿಯಂ ಪೀಕ್ ದೊಡ್ಡದು, ಅದನ್ನು ರೇಡಾನ್ ಅಲುಗಾಡಿಸುವುದು ಕಷ್ಟ. ಬೆಣಚುಕಲ್ಲು, ರಾಗಿಯಂಥ ಬಡ ಸ್ಯಾಂಪಲ್‌ನಲ್ಲಿ ಸುಲಭ.

ಪರೀಕ್ಷೆ ಹೀಗೆ. ಬಿಸ್ಮತ್-214ಗೆ 609.3 ಮತ್ತು 1764.5ರಲ್ಲೂ ಗೆರೆಗಳಿವೆ. 609ರದು 1120ಕ್ಕಿಂತ ಮೂರು ಪಟ್ಟು ಜಾಸ್ತಿ. ಬ್ಯಾಕ್‌ಗ್ರೌಂಡ್ ಕಳೆದ ಮೇಲೂ 609 ಉಳಿದಿದ್ದರೆ ರೇಡಾನ್ ಪೂರ್ತಿ ಕಳೆದಿಲ್ಲ. ಉಪಾಯ: ಡ್ಯೂವರ್‌ನಿಂದ ಆವಿಯಾಗುವ ನೈಟ್ರೋಜನ್ ಅನಿಲವನ್ನು ಪೈಪ್ ಮೂಲಕ ಸೀಸದ ಗೂಡಿನೊಳಗೆ ಬಿಡಿ, ರೇಡಾನ್ ಇರುವ ಗಾಳಿ ಹೊರಗೆ ಹೋಗುತ್ತದೆ. ಕೋಣೆಗೆ ಗಾಳಿ ಆಡುವಂತಿರಲಿ. ಮುಚ್ಚಿದ ಕೋಣೆಯಲ್ಲಿ ನೈಟ್ರೋಜನ್ ತುಂಬಿದರೆ ಉಸಿರಿಗೇ ಅಪಾಯ.

ಇನ್ನೊಬ್ಬ ಟ್ಯಾಂಟಲಂ-182, 1121.3 ಕೆಇವಿ. ಇವನಿಗೆ 1189 ಮತ್ತು 1221.4ರಲ್ಲೂ ಗೆರೆ. ನಮ್ಮ ಸ್ಯಾಂಪಲ್‌ನಲ್ಲಿ 609 ಸೊನ್ನೆ, 1221 ಚೆನ್ನಾಗಿ ಎದ್ದಿದೆ. ಅಲ್ಲಿಗೆ ಯಾರು ಅಂತ ಗೊತ್ತಾಯ್ತು. ಎಲ್ಲಿಂದ ಬಂದ? ಕೋಬಾಲ್ಟ್ ಜಾಸ್ತಿ ಬಂದಿತ್ತು ಅಂದೆವಲ್ಲ, ಉತ್ತರ ಅಲ್ಲಿದೆ. ಪುಡಿ ಮಾಡಿದ್ದು ಟಂಗ್‌ಸ್ಟನ್ ಕಾರ್ಬೈಡ್ ಮಿಲ್‌ನಲ್ಲಿ. ಆ ಲೋಹವನ್ನು ಹಿಡಿದಿಡುವ ಅಂಟು ಕೋಬಾಲ್ಟ್. ಟ್ಯಾಂಟಲಂ ಕೂಡ ಅದರಲ್ಲಿ ಬೆರೆತಿರುವುದುಂಟು. ಬೆಣಚುಕಲ್ಲು ಗಟ್ಟಿ, ಮಿಲ್ಲನ್ನೇ ತೇಯ್ದುಬಿಡುತ್ತದೆ. ಖಾತ್ರಿಗೆ ಮೊದಲ ವಾರದ ಸ್ಪೆಕ್ಟ್ರಮ್ ತೆಗೆದು 685.8 ಮತ್ತು 479.5 ನೋಡಿ. ಟಂಗ್‌ಸ್ಟನ್-187 ಅಲ್ಲಿ ದೊಡ್ಡದಾಗಿ ನಿಂತಿರುತ್ತದೆ. ಅದರ ಅರ್ಧಾಯುಷ್ಯ ಒಂದು ದಿನ ಮಾತ್ರ, ತಿಂಗಳ ನಂತರದ ಸ್ಪೆಕ್ಟ್ರಮ್‌ನಲ್ಲಿ ಸಿಗುವುದಿಲ್ಲ.

ಮೊದಲ ವಾರದ ಸ್ಪೆಕ್ಟ್ರಮ್ ಇಲ್ಲದಿದ್ದರೆ? ಕಾಯಿರಿ. ಸ್ಕ್ಯಾಂಡಿಯಂನ ಅರ್ಧಾಯುಷ್ಯ 83.8 ದಿನ, ಟ್ಯಾಂಟಲಂನದು 114.7. ರೇಡಾನ್ ಮರಿ ಕೋಣೆಯಲ್ಲಿ ಸದಾ ಹುಟ್ಟುತ್ತಲೇ ಇರುತ್ತದೆ, ಅದು ನಮ್ಮ ಲೆಕ್ಕದಲ್ಲಿ ಕಮ್ಮಿ ಆಗುವುದೇ ಇಲ್ಲ. ಇವತ್ತು 1120ರಲ್ಲಿ ಹೆಚ್ಚುವರಿ 27 ಶೇಕಡಾ ಇದೆ ಅಂದುಕೊಳ್ಳಿ. 84 ದಿನ ಬಿಟ್ಟು ಎಣಿಸಿದಾಗ ಅದು 33 ಆಗಿದ್ದರೆ ಟ್ಯಾಂಟಲಂ, 54 ಆಗಿದ್ದರೆ ರೇಡಾನ್, 27ರಲ್ಲೇ ನಿಂತಿದ್ದರೆ ನಿಮ್ಮ ಎಫಿಷಿಯನ್ಸಿ ಗೆರೆಯೇ ತಪ್ಪು.

ಈ ಬುದ್ಧಿ ಹೊಸದೇನಲ್ಲ. 1936ರಲ್ಲಿ ಕೋಪನ್‌ಹೇಗನ್‌ನಲ್ಲಿ ಹೆವೆಶಿ ಮತ್ತು ಹಿಲ್ಡೆ ಲೆವಿ ಎಂಬ ವಿಜ್ಞಾನಿಗಳು ಎನ್‌ಎಎ ವಿಧಾನ ಕಂಡುಹಿಡಿದು, ಇಟ್ರಿಯಂನಲ್ಲಿ ಬೆರೆತ ಡಿಸ್ಪ್ರೋಸಿಯಂ ಅಳೆದಾಗ ಅವರ ಹತ್ತಿರ ಜರ್ಮೇನಿಯಂ ಡಿಟೆಕ್ಟರ್ ಇರಲಿಲ್ಲ. ಅರ್ಧಾಯುಷ್ಯ ನೋಡಿಯೇ ಯಾರು ಅಂತ ಹೇಳಿದ್ದು.

ತಿದ್ದುಪಡಿ ಏನು ಅಂದರೆ: ಸ್ಕ್ಯಾಂಡಿಯಂಗೆ 889ರ ಗೆರೆ ಬಳಸಿ, 0.52 ಬರೆಯಿರಿ. ಕೋಬಾಲ್ಟ್, ಟ್ಯಾಂಟಲಂ, ಟಂಗ್‌ಸ್ಟನ್ ಮೂರನ್ನೂ ವರದಿಯಿಂದ ಕೈಬಿಡಿ. ಅವು ಕಲ್ಲಿನದಲ್ಲ, ಮಿಲ್ಲಿನದು. ಮುಂದಿನ ಸಲ ಅಗೇಟ್ ಕುಟ್ಟಾಣಿಯಲ್ಲಿ ಕುಟ್ಟಿ. ಸ್ಟೀಲ್ ಮಿಲ್ ಆದರೆ ಕಬ್ಬಿಣ, ಕ್ರೋಮಿಯಂ ಬರುತ್ತದೆ. ಜರಡಿ ಹಿತ್ತಾಳೆಯದಾದರೆ ತಾಮ್ರ, ಸತು ಬರುತ್ತದೆ. ನೈಲಾನ್ ಜರಡಿ ಕೊಳ್ಳಿ.

ಇನ್ನು ಕೆಲವು ಹೋಲಿಕೆಯ ಮುಖಗಳು

ಪಾದರಸ ಮತ್ತು ಸೆಲೆನಿಯಂ. ಪಾದರಸ-203 ಕೊಡುವುದು 279.2, ಸೆಲೆನಿಯಂ-75 ಕೊಡುವುದು 279.5. ಯಾವ ಡಿಟೆಕ್ಟರೂ ಇವನ್ನು ಬಿಡಿಸುವುದಿಲ್ಲ. ಮೀನಿನ ಸ್ಯಾಂಪಲ್‌ನಲ್ಲಿ ‘ಸಾರ್, ಪಾದರಸ ಸಿಕ್ತು’ ಅಂತ ಯಾರಾದರೂ ಓಡಿ ಬಂದರೆ ಮೊದಲು 264.7 ತೋರಿಸಿ ಅನ್ನಿ. ಅದು ಸೆಲೆನಿಯಂನ ಸ್ವಂತ ಗೆರೆ. ಅದರ ಸುಮಾರು 0.42 ಪಾಲು 279.5ರಲ್ಲಿ ಇರಬೇಕು, ಎಫಿಷಿಯನ್ಸಿ ತಿದ್ದಿ ಅಷ್ಟು ಕಳೆಯಿರಿ. ಉಳಿದರೆ ಪಾದರಸ. ಇನ್ನು, ಪಾದರಸ ಪಾಲಿಥೀನ್ ಗೋಡೆ ದಾಟಿ ಹೋಗುತ್ತದೆ. ಅದು ಬೇಕಾದರೆ ಸ್ಯಾಂಪಲ್ಲನ್ನು ಕ್ವಾರ್ಟ್ಜ್ ಕೊಳವೆಯಲ್ಲಿ ಸೀಲ್ ಮಾಡಿಸಿ.

ಕ್ರೋಮಿಯಂ. ಪೀಣ್ಯದ ಕಡೆಯ ಹೂಳು ಅಂದ ತಕ್ಷಣ ಪ್ಲೇಟಿಂಗ್ ಕೆಲಸ ನೆನಪಾಗಿ, ಜಾಸ್ತಿ ಬಂದ ಅಂಕಿಯನ್ನು ಮನಸ್ಸು ಬೇಗ ನಂಬುತ್ತದೆ. 320.1ರ ಪಕ್ಕದಲ್ಲೇ ನಿಯೋಡಿಮಿಯಂ-147 ಇದೆ, 319.4ರಲ್ಲಿ. ಅದಕ್ಕೆ 531ರಲ್ಲಿ ಇನ್ನೊಂದು ಗೆರೆ ಇದೆ, ಅರ್ಧಾಯುಷ್ಯ 11 ದಿನ. ಎರಡು ತಿಂಗಳು ಬಿಟ್ಟು ಎಣಿಸಿದರೆ ಅದು ತಾನಾಗೇ ಜಾಗ ಖಾಲಿ ಮಾಡುತ್ತದೆ. ಕಬ್ಬಿಣ ತುಂಬಿದ ಕೆಂಪುಮಣ್ಣಿನಲ್ಲಿ ಇನ್ನೊಂದು ದಾರಿಯೂ ಇದೆ: ವೇಗದ ನ್ಯೂಟ್ರಾನ್ ತಾಗಿದ ಕಬ್ಬಿಣ-54 ಆಲ್ಫಾ ಕಣ ಬಿಟ್ಟು ಕ್ರೋಮಿಯಂ-51 ಆಗುತ್ತದೆ. ಇಲ್ಲಿ ಶಕ್ತಿಯೂ ಒಂದೇ, ಅರ್ಧಾಯುಷ್ಯವೂ ಒಂದೇ, ಎಷ್ಟು ಕಾದರೂ ಬೇರೆಯಾಗುವುದಿಲ್ಲ. ಅದೇ ಬ್ಯಾಚ್‌ನಲ್ಲಿ ಶುದ್ಧ ಕಬ್ಬಿಣ ಒಂದಿಷ್ಟು ಕಳಿಸಿ, ಅದರಲ್ಲಿ ಎಷ್ಟು ‘ಕ್ರೋಮಿಯಂ’ ಹುಟ್ಟಿತು ನೋಡಿ ಕಳೆಯಬೇಕು. ಫ್ಲಕ್ಸ್ ಮಾನಿಟರ್ ಅಂತ ಇಟ್ಟ ಶುದ್ಧ ಕಬ್ಬಿಣದ ತಂತಿಯೇ ಇದಕ್ಕೂ ಆಗುತ್ತದೆ.

ಲ್ಯಾಂಥನಂ. 1596ರ ಗೆರೆ, ಅರ್ಧಾಯುಷ್ಯ 1.68 ದಿನ. ಮೂರು ವಾರಕ್ಕೆ ಐದು ಸಾವಿರದಲ್ಲಿ ಒಂದು ಪಾಲೂ ಉಳಿಯಬಾರದು. ಆದರೂ ಪೀಕ್ ಗಟ್ಟಿಯಾಗಿ ನಿಂತಿದ್ದರೆ ಸ್ಯಾಂಪಲ್‌ನ ಯುರೇನಿಯಂ ರಿಯಾಕ್ಟರ್‌ನಲ್ಲಿ ಒಡೆದು ಬೇರಿಯಂ-140 ಹುಟ್ಟಿದೆ. ಆ ಬೇರಿಯಂ 12.75 ದಿನದ ಅರ್ಧಾಯುಷ್ಯದಲ್ಲಿ ಲ್ಯಾಂಥನಂಗೆ ಊಟ ಹಾಕುತ್ತಿದೆ. 537ರಲ್ಲಿ ಬೇರಿಯಂ ಕಂಡರೆ ಖಾತ್ರಿ. ಯುರೋಪಿಯಂ-154ರದೂ 1596.5ರಲ್ಲಿ ಒಂದು ಸಣ್ಣ ಗೆರೆ ಇದೆ, ಅದಕ್ಕೆ 1274.5 ನೋಡಿ. ಸೀರಿಯಂ, ನಿಯೋಡಿಮಿಯಂ ಕೂಡ ಯುರೇನಿಯಂನಿಂದ ಉಬ್ಬುತ್ತವೆ, ಯುರೇನಿಯಂ ಜಾಸ್ತಿ ಇರುವ ಕಲ್ಲಿನಲ್ಲಿ ಇವನ್ನು ತಿದ್ದದೆ ವರದಿ ಮಾಡಬೇಡಿ.

ಸತುವಿನ 1115.5 ಗೆರೆಯ ಬಲಕ್ಕೆ ಸ್ಕ್ಯಾಂಡಿಯಂನ 1120, ಎಡಕ್ಕೆ ಯುರೋಪಿಯಂ-152ರ 1112. ಪೀಕ್ ಅಗಲ 2 ಕೆಇವಿ ಇದ್ದಾಗ ಬಿಡಿಸಬಹುದು, 3 ಆದರೆ ಆಗುವುದಿಲ್ಲ. ಮಣ್ಣಿನಲ್ಲಿ ಸತು ತಪ್ಪಿದರೆ ಬಹುತೇಕ ಕಾರಣ ಡಿಟೆಕ್ಟರ್‌ನ ಅಗಲವೇ.

ಚಿನ್ನ: ದೋಷವೇ ಇಲ್ಲದ ದೋಷ

ಕೋಲಾರ, ಹಟ್ಟಿ ಕಡೆಯ ಕಲ್ಲು ತಂದವರು ಒಂದೇ ಪುಡಿಯ ಮೂರು ಡಬ್ಬಿ ಎಣಿಸಿ ಮೂರು ಉತ್ತರ ಬಂತು ಅಂತ ಡಿಟೆಕ್ಟರ್ ಮೇಲೆ ಸಿಟ್ಟಾಗುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ. 50 ಮೈಕ್ರಾನ್ ಅಗಲದ ಒಂದು ಚಿನ್ನದ ಕಣ ಸುಮಾರು 1.26 ಮೈಕ್ರೋಗ್ರಾಂ ತೂಗುತ್ತದೆ. 100 ಮಿಲಿಗ್ರಾಂ ಪುಡಿಯಲ್ಲಿ ಅದು ಒಂದೇ ಒಂದು ಇದ್ದರೆ ಚಿನ್ನ 12.6 ಪಿಪಿಎಂ. ಇಲ್ಲದಿದ್ದರೆ ಹತ್ತಿರ ಹತ್ತಿರ ಸೊನ್ನೆ. ಎರಡೂ ಉತ್ತರ ಸರಿ! ಒಂದೇ ಡಬ್ಬಿಯನ್ನು ಮತ್ತೆ ಎಣಿಸಿ ಅದೇ ಅಂಕಿ ಬಂದರೆ ಉಪಕರಣ ನಿರಪರಾಧಿ. ಚಿನ್ನ ಮೆದು, ಕುಟ್ಟಿದರೆ ಪುಡಿಯಾಗದೆ ಚಪ್ಪಟೆಯಾಗುತ್ತದೆ, ಹಾಗಾಗಿ ಇನ್ನೂ ನುಣ್ಣಗೆ ಅರೆದರೂ ಪೂರ್ತಿ ಪರಿಹಾರ ಸಿಗುವುದಿಲ್ಲ. ಪುಡಿಯ ತೂಕ ಹೆಚ್ಚಿಸಿ, ಡಬ್ಬಿಗಳ ಸಂಖ್ಯೆ ಹೆಚ್ಚಿಸಿ, ಸರಾಸರಿ ಜೊತೆ ಹರವನ್ನೂ ಬರೆಯಿರಿ. ಜೊತೆಗೆ 411.8ರ ಚಿನ್ನದ ಗೆರೆಯ ಪಕ್ಕ ಯುರೋಪಿಯಂ-152ರ 411.1 ಇದೆ. ಚಿನ್ನ-198ರ ಅರ್ಧಾಯುಷ್ಯ 2.7 ದಿನ. ತಿಂಗಳಾದ ಮೇಲೂ 411ರಲ್ಲಿ ಉಳಿದದ್ದು ಬಹುಪಾಲು ಯುರೋಪಿಯಂ.

ಮತ್ತೆ ರಿಯಾಕ್ಟರ್‌ಗೆ ಕಳಿಸುವ ಮುಂಚೆ

ಕೆಲವು ಸಲ ದೋಷ ಹುಡುಕುವುದೇ ವ್ಯರ್ಥ. ಸೀಸ ಬೇಕು ಅಂತ ಎನ್‌ಎಎಗೆ ಬಂದವರಿಗೆ ಬೇರೆ ದಾರಿ ತೋರಿಸಿ. ಈ ವಿಧಾನಕ್ಕೆ ಸೀಸ ಕಾಣುವುದಿಲ್ಲ, ಐಸಿಪಿ-ಎಂಎಸ್ ಅಥವಾ ಎಕ್ಸ್‌ಆರ್‌ಎಫ್ ಅನ್ನುವ ಬೇರೆ ವಿಧಾನಗಳು ಅದಕ್ಕೆ ಸರಿ. ಇ-ವೇಸ್ಟ್ ಬೂದಿಯಲ್ಲಿ ಸೀಸ ತುಂಬಿದ್ದರೆ ಸೀರಿಯಂ-141ರ 145ರಂಥ ಕಡಿಮೆ ಶಕ್ತಿಯ ಗಾಮಾ ಪೂರ್ತಿ ಹೊರಗೆ ಬರುವುದಿಲ್ಲ. ಅಲ್ಲಿ 300 ಕೆಇವಿ ಮೇಲಿನ ಗೆರೆಗಳನ್ನೇ ನಂಬಿ.

ನಿಜವಾಗಿಯೂ ಮತ್ತೆ ಕಳಿಸಬೇಕು ಅಂತ ತೀರ್ಮಾನವಾದರೆ ಹಳೆಯ ಸ್ಯಾಂಪಲ್ ಕಳಿಸಬೇಡಿ, ಹೊಸ ಪುಡಿ ತೂಗಿ. ಹಳೆಯದರಲ್ಲಿ ಸ್ಕ್ಯಾಂಡಿಯಂ, ಕೋಬಾಲ್ಟ್ ಈಗಾಗಲೇ ಕುದಿಯುತ್ತಿವೆ, ಎರಡು ಸಲದ ವಿಕಿರಣ ಬೆರೆತರೆ ಲೆಕ್ಕ ಗೋಜಲು. ಪಾಲಿಥೀನ್ ಕೂಡ ರಿಯಾಕ್ಟರ್‌ನಲ್ಲಿ ದೀರ್ಘ ಕಾಲ ಕೂತರೆ ಒಣಗಿ ಒಡೆಯುತ್ತದೆ. ಚೀಟಿಯಲ್ಲಿ ಇಷ್ಟು ಇರಲಿ: ಒಣತೂಕ, ಡಬ್ಬಿಯ ಬಗೆ, ಕ್ಯಾನ್‌ನಲ್ಲಿ ಯಾವುದು ಮೇಲೆ ಯಾವುದು ಕೆಳಗೆ, ಖಾಲಿ ಡಬ್ಬಿ ಯಾವುದು, ತಂತಿಗಳ ತೂಕ. ಒಳಗೆ ಹೋದ ಮತ್ತು ಹೊರಬಂದ ಸಮಯವನ್ನು ಭಾರತದ ಸಮಯದಲ್ಲೇ ಬರೆದುಕೊಡಿ ಅಂತ ಕೇಳಿ.

ಬಂದ ಸ್ಯಾಂಪಲ್‌ಗಳನ್ನು ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮದ ಪ್ರಕಾರ, ಲ್ಯಾಬ್‌ನ ವಿಕಿರಣ ಸುರಕ್ಷತಾ ಅಧಿಕಾರಿಯ ಪುಸ್ತಕದಲ್ಲಿ ನಮೂದಿಸಿಯೇ ತೆರೆಯಬೇಕು. ಎಣಿಕೆ ಮುಗೀತು ಅಂತ ಬೇಗ ವಿಲೇವಾರಿಗೆ ಬರೆಯಬೇಡಿ. ಮೊದಲ ವಾರ, ಮೂರನೆಯ ವಾರ, ಮೂರನೆಯ ತಿಂಗಳು, ಹೀಗೆ ಮೂರು ಸ್ಪೆಕ್ಟ್ರಮ್ ಸಿಗುವ ತನಕ ಸೀಸದ ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟಿರಿ.